ಬೇರಿನೆಡೆಗೆ ಒಂದು ಪಯಣ

ಬಾಲ್ಯದಲ್ಲಿ ನಮ್ಮ ಹೊಲದ ತೊಗರಿ ಗಿಡವೊಂದನ್ನು ಕಿತ್ತು, ಬೇರಿನ ಗಂಟುಗಳನ್ನು ರೋಗವೆಂದು ತಿಳಿದು ಎಸೆದಿದ್ದೆನು. ಅವು ರೈಜೋಬಿಯಂ ಎಂಬ ಬ್ಯಾಕ್ಟೀರಿಯಾಗಳ ನೆಲೆಯೆಂದು ಅರಿತದ್ದು ಬಹುಕಾಲದ ಮೇಲೆ.

ದ್ವಿದಳ ಸಸ್ಯದ ಬೇರು ಕೆಲವು ರಾಸಾಯನಿಕಗಳನ್ನು ಸ್ರವಿಸುತ್ತದೆ. ಕಣ್ಣಿಗೆ ಕಾಣದ ಈ ಜೀವಿ ಆ ಸುಳಿವು ಹಿಡಿದು, ಚಾಟಿಯಂತಹ ಕಶಾಂಗವನ್ನು ತಿರುಗಿಸುತ್ತ ಬೇರಿನತ್ತ ಈಜುತ್ತದೆ. ಗಂಟಿನೊಳಗೆ ನೆಲೆಸಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವಂತೆ ಮಾಡುತ್ತದೆ. ಗಿಡವು ಪ್ರತಿಯಾಗಿ ಅದನ್ನು ಪೋಷಿಸುತ್ತದೆ. ಹೀಗೆ ಕೂಡಿದ ಸಾರದಲ್ಲಿ ಒಂದು ಪಾಲು ಮುಂದಿನ ಬೆಳೆಗೂ ಉಳಿಯುತ್ತದೆ.

ಆದರೆ ಅದು ಈಜುವ ದಾರಿ, ಮಣ್ಣಿನ ಕಣಗಳ ಸುತ್ತಲಿನ ತೆಳುವಾದ ನೀರಿನ ಪೊರೆ ಮಾತ್ರ. ನೆಲ ಒಣಗಿದರೆ ಪೊರೆ ಹರಿಯುತ್ತದೆ, ಪಯಣ ನಿಲ್ಲುತ್ತದೆ.

ಆತ್ಮೀಯರೇ, ಕೊಯ್ಲಿನ ಕಸವನ್ನು ಸುಡದಿರಿ. ನೆಲಕ್ಕೆ ಹೊದಿಸಿ ತೇವವನ್ನು ಕಾಯಿರಿ. ಅಂದು ಅರಿಯದೆ ಎಸೆದವನ ಬಿನ್ನಹವಿದು.