ಮಳೆ ಹಿಡಿಯುವ ಮುಂಚೆ

ಮುರುಗಲ ಹಣ್ಣಿಗೆ ಹೊತ್ತುಗೊತ್ತು ಇಲ್ಲ. ಮದುವೆ ಮುಂಜಿಗಳ ಓಡಾಟ, ಹಲಸಿನ ಹಪ್ಪಳ, ಮಳೆಗಾಲದ ಸೌದೆ, ರಜೆಗೆ ಬಂದಿಳಿದ ಮಕ್ಕಳ ದಂಡು, ಎಲ್ಲವೂ ಒಟ್ಟಿಗೇ ಮನೆಯ ಹೆಂಗಸರ ತಲೆ ಮೇಲೆ ಬಿದ್ದಿರುವ ಏಪ್ರಿಲ್-ಮೇ ತಿಂಗಳಲ್ಲೇ ಅದು ಕೆಂಪೇರಿ ಉದುರತೊಡಗುತ್ತದೆ. ಇನ್ನೊಂದು ವಾರ ತಡಿ ಮಾರಾಯ ಎಂದರೆ ಕೇಳುವ ಜಾತಿಯಲ್ಲ. ಒಂದು ಗಟ್ಟಿ ಮಳೆ ಹೊಡೆದರೆ ಸಾಕು, ಹಣ್ಣು ನೀರು ಕುಡಿದು ಮೆತ್ತಗಾಗಿ ಬಿದ್ದಲ್ಲೇ ಕೊಳೆಯುತ್ತದೆ. ಹಾಗಾಗಿ ಮೇ ತಿಂಗಳ ಸಂಜೆ ಗುಡುಗಿದರೆ ತೋಟಕ್ಕೆ ನೀರಾಯಿತೆಂದು ಅಜ್ಜ ಜಗಲಿಯಲ್ಲಿ ಕೂತು ಸಂತೋಷಪಡುತ್ತಿದ್ದ. ಅಜ್ಜಿ ಬುಟ್ಟಿ ಹಿಡಿದು ಮರದ ಬುಡಕ್ಕೆ ಓಡುತ್ತಿದ್ದಳು.

ಘಟ್ಟದ ಕೆಳಗಿನವರು ಪುನರ್ಪುಳಿ ಎನ್ನುವ ಈ ಮರ ನಮ್ಮ ನರಸಿಂಹರಾಜಪುರದ ಮನೆಮನೆಯಲ್ಲೂ ಇರುವಂಥದ್ದಲ್ಲ. ಅದಕ್ಕೆ ಘಟ್ಟದ ಅಂಚಿನ ಮಳೆಯೇ ಆಗಬೇಕು. ಆಗುಂಬೆ, ಕಿಗ್ಗ, ಶೃಂಗೇರಿ ಕಡೆ ಕಾಡಿನಲ್ಲೇ ಸಿಗುತ್ತದೆ. ಕೊಪ್ಪ ದಾಟಿ ನಮ್ಮ ಕಡೆ ಬರುವಷ್ಟರಲ್ಲಿ ಮಳೆಯೂ ತೆಳುವಾಗುತ್ತದೆ, ಮುರುಗಲೂ ತೆಳುವಾಗುತ್ತದೆ. ನಮ್ಮನೆ ಮರಗಳು ಶೃಂಗೇರಿ ಹತ್ತಿರದ ಅತ್ತೆ ಮನೆಯಿಂದ ಬಂದವು. ಅಜ್ಜ ಸಸಿ ತಂದು ಬಚ್ಚಲ ನೀರು ಹರಿದುಹೋಗುವ ಜಾಗದಲ್ಲಿ ನೆಟ್ಟು ಕಾದ. ಮುರುಗಲಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎದ್ದ ಸಸಿ ಯಾವುದೆಂದು ಅದು ಏಳೆಂಟು ವರ್ಷಕ್ಕೆ ಹೂ ಬಿಡುವವರೆಗೆ ಗೊತ್ತಾಗುವುದಿಲ್ಲ. ಈಗಿನವರು ಹೆಣ್ಣು ಮರದ ಕಡ್ಡಿ ಕಟ್ಟಿದ ಕಸಿ ಗಿಡವನ್ನೇ ನರ್ಸರಿಯಿಂದ ತರುತ್ತಾರೆ, ಅಜ್ಜನ ಕಾಲದಲ್ಲಿ ಆ ಸೌಕರ್ಯ ಇರಲಿಲ್ಲ. ಕಾದು ಕಾದು ನೋಡಿದರೆ ಎತ್ತರಕ್ಕೆ ಚೆಂದವಾಗಿ ಬೆಳೆದದ್ದು ಗಂಡು, ಮೂಲೆಯಲ್ಲಿ ಕುಗ್ಗಿಕೊಂಡು ನಿಂತದ್ದು ಹೆಣ್ಣು. "ಈ ಮನೆ ಗಂಡಸರ ಹಾಗೇ ಆಯ್ತು, ನೆರಳಿಗೆ ಮಾತ್ರ" ಎಂದು ಅಜ್ಜಿ ಬಂದವರಿಗೆಲ್ಲ ಆ ಮರ ತೋರಿಸುತ್ತಿದ್ದಳು. ಆದರೂ ಅದನ್ನು ಕಡಿಯಲು ಬಿಡಲಿಲ್ಲ. ಗಂಡಿಲ್ಲದೆ ಹೆಣ್ಣು ಮರ ಕಾಯಿ ಹಿಡಿಯುವುದು ಕಷ್ಟ ಎನ್ನುವುದು ಅವಳಿಗೆ ಗೊತ್ತಿತ್ತು.

ಸಿರಪ್ಪಿನ ಕೆಲಸ ನೋಡಲು ಸುಲಭ. ಹಣ್ಣು ತೊಳೆದು, ನೀರಿನ ಪಸೆ ಇಲ್ಲದಂತೆ ಒರೆಸಿ, ಎರಡು ಹೋಳು ಮಾಡಿ, ಬೀಜದ ಲೋಳೆ ತೆಗೆಯಬೇಕು. ಈ ಒರೆಸುವ ಕೆಲಸ ಮಕ್ಕಳದು. ಅಜ್ಜಿಯ ತಪಾಸಣೆ ಮಾತ್ರ ಕಠಿಣ, ಒಂದು ಹನಿ ನೀರಿದ್ದರೂ ಹಣ್ಣು ವಾಪಸ್ಸು ಬರುತ್ತಿತ್ತು. ಬಟ್ಟಲಿನಂತಾದ ಸಿಪ್ಪೆಗೆ ಸಕ್ಕರೆ ತುಂಬಿ ಭರಣಿಯಲ್ಲಿ ಸಾಲಾಗಿ ಜೋಡಿಸಿ, ಮೇಲೆ ಮತ್ತಷ್ಟು ಸಕ್ಕರೆ ಸುರಿಯುವುದು. ಒಂದು ಕಿಲೋ ಸಿಪ್ಪೆಗೆ ಎರಡು ಕಿಲೋ ಸಕ್ಕರೆ. ಭರಣಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಅಂಗಳದ ಬಿಸಿಲಿಗೆ ಇಟ್ಟರೆ ಮಾರನೆಯ ದಿನವೇ ತಳದಲ್ಲಿ ಕೆಂಪು ಕಾಣಿಸುತ್ತದೆ. ವಾರವೊಂದು ಕಳೆಯುವಷ್ಟರಲ್ಲಿ ಸಿಪ್ಪೆ ಮುದುರಿಕೊಂಡು ತೇಲುತ್ತದೆ, ಸಕ್ಕರೆಯೆಲ್ಲ ರಸವಾಗಿರುತ್ತದೆ. ಸೋಸಿ, ಚೂರು ಉಪ್ಪು, ಹುರಿದ ಜೀರಿಗೆಪುಡಿ ಹಾಕಿ ಸೀಸೆಗೆ ಹೊಯ್ದರೆ ಮುಗಿಯಿತು. ಕುಡಿಯುವಾಗ ಒಂದು ಪಾಲಿಗೆ ಐದಾರು ಪಾಲು ನೀರು.

ಒಲೆಯ ಸಂಪರ್ಕವೇ ಇಲ್ಲ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಅದೇ. "ಬೆಂಕಿ ತೋರಿಸಿದರೆ ಬಣ್ಣ ಸಾಯ್ತದೆ" ಎನ್ನುತ್ತಿದ್ದಳು ಅಜ್ಜಿ. ಮುರುಗಲಿನ ಕೆಂಪು ಆಂಥೊಸಯಾನಿನ್ ಎಂಬ ಬಣ್ಣದ್ದು. ಅದಕ್ಕೆ ಶಾಖವೂ ಆಗುವುದಿಲ್ಲ, ಬೆಳಕೂ ಆಗುವುದಿಲ್ಲ. ಬೆಳಕಾಗದ ಹಣ್ಣನ್ನು ಬಿಸಿಲಿಗಿಡುವುದು ಹೇಗೆಂದು ಕೇಳಿದರೆ ಉತ್ತರ ಆ ದಪ್ಪ ಪಿಂಗಾಣಿ ಭರಣಿಯಲ್ಲಿದೆ: ಬಿಸಿಲಿನ ಬಿಸುಪನ್ನು ಒಳಗೆ ಬಿಡುತ್ತದೆ, ಬೆಳಕನ್ನು ಹೊರಗೇ ನಿಲ್ಲಿಸುತ್ತದೆ. ಈಗ ಚೆಂದ ಕಾಣಲೆಂದು ಗಾಜಿನ ಜಾಡಿಯಲ್ಲಿ ಹಾಕಿ ಬಿಸಿಲಿಗಿಡುವವರ ಸಿರಪ್ಪು ದಿನ ಕಳೆದಂತೆ ಕಂದು ತಿರುಗುವುದಕ್ಕೆ ಕಾರಣ ಇದೇ ಇರಬೇಕು.

ಬೆಂಕಿ ತೋರಿಸಿ ಕೆಟ್ಟ ಕಥೆಯೊಂದು ಸಮುದ್ರದ ಮೇಲೂ ನಡೆದಿದೆ. 1747ರಲ್ಲಿ ಸಾಲ್ಸ್‌ಬರಿ ಎಂಬ ಬ್ರಿಟಿಷ್ ಯುದ್ಧನೌಕೆಯಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ ಒಸಡು ಕೊಳೆತು ನರಳುವ ನಾವಿಕರಿಗೆ ಕಿತ್ತಳೆ, ನಿಂಬೆ ಕೊಟ್ಟು ಗುಣವಾಗುವುದನ್ನು ಕಂಡ. ತಿಂಗಳುಗಟ್ಟಲೆ ಹೋಗುವ ಹಡಗಿನಲ್ಲಿ ಹಣ್ಣು ಉಳಿಯಬೇಕಲ್ಲ? ರಸವನ್ನು ನಿಧಾನವಾಗಿ ಕಾಯಿಸಿ ಇಂಗಿಸಿ ಸೀಸೆಗೆ ತುಂಬಿಡಿ ಎಂದು 1753ರ ತನ್ನ ಗ್ರಂಥದಲ್ಲಿ ಬರೆದ. ರಸವೇನೋ ಗಟ್ಟಿಯಾಗಿ ಉಳಿಯಿತು. ಅದರೊಳಗಿನ ಗುಣ ಬಹುಪಾಲು ಕಾಯಿಸುವಾಗಲೇ ಹೋಗಿತ್ತು. ಸಿ ಜೀವಸತ್ವ ಎಂಬುದೊಂದಿದೆ ಎಂದು ಆಗ ಯಾರಿಗೂ ತಿಳಿಯದು. ಮುಂದೆ 1867ರಲ್ಲಿ ಲಾಕ್ಲನ್ ರೋಸ್ ಎಂಬ ಸ್ಕಾಟ್ಲೆಂಡಿನ ವ್ಯಾಪಾರಿ ನಿಂಬೆರಸವನ್ನು ಮದ್ಯದ ಬದಲು ಸಕ್ಕರೆಯಲ್ಲಿ ಉಳಿಸುವ ಕ್ರಮಕ್ಕೆ ಪೇಟೆಂಟ್ ಪಡೆದ. ನಮ್ಮ ಭರಣಿಗೂ ಅವನ ಸೀಸೆಗೂ ನೆಂಟಸ್ತಿಕೆ ಸಕ್ಕರೆಯ ಕಡೆಯಿಂದ.

ಸೀಸೆ ಎಂದೆನಲ್ಲ, ಅದರದೊಂದು ಬೇರೆಯೇ ಪುರಾಣ. ಮಡಿ ಮೈಲಿಗೆ ಬಿಡದ ಅಜ್ಜಿ ಸಿರಪ್ಪು ತುಂಬುತ್ತಿದ್ದದ್ದು ರಮ್ಮು, ಬ್ರಾಂದಿಯ ಖಾಲಿ ಸೀಸೆಗಳಿಗೆ. ಮಿಲಿಟರಿಯಿಂದ ಬಂದ ನೆಂಟರೊಬ್ಬರ ಮನೆಯ ಹಿತ್ತಿಲು ಇದಕ್ಕೆ ಮೂಲ. ಬೂದಿ ಹಾಕಿ ತಿಕ್ಕಿ, ಕುದಿನೀರು ಹೊಯ್ದು, ಬಿಸಿಲಲ್ಲಿ ಬೋರಲಿಟ್ಟು, ಆಮೇಲೆ ಮೂಗಿಟ್ಟು ಮೂಸಿ, ಮತ್ತೊಮ್ಮೆ ಕುದಿನೀರು ಹೊಯ್ಯುವಳು. ಬಿರಡೆ ಗಟ್ಟಿ, ಗಾಜು ದಪ್ಪ, ಆ ಗುಣ ಬೇರೆ ಸೀಸೆಗೆಲ್ಲಿ? ಮನೆಗೆ ಬಂದ ಪುರೋಹಿತರೊಬ್ಬರು ಆಳೆತ್ತರದ ಕಪಾಟಿನಲ್ಲಿ ಸಾಲಾಗಿ ನಿಂತ ಅವನ್ನು ನೋಡಿ ಅಜ್ಜನ ಮುಖ ನೋಡಿದರಂತೆ. ಅಜ್ಜ ಏನೂ ಹೇಳದೆ ಒಂದು ಲೋಟ ಮುಂದಿಟ್ಟನಂತೆ. ಕೆಂಪಗಿತ್ತು. ಅವರು ಕುಡಿಯಲು ತೆಗೆದುಕೊಂಡ ಸಮಯವನ್ನು ಅಜ್ಜಿ ಕಡೆಯವರೆಗೂ ಅಭಿನಯಿಸಿ ತೋರಿಸುತ್ತಿದ್ದಳು.

ಈಗೆಲ್ಲ ಕೊಪ್ಪ, ಶೃಂಗೇರಿ ರಸ್ತೆಬದಿಯ ಅಂಗಡಿಗಳಲ್ಲಿ ಜೇನು, ಅಪ್ಪೆಮಿಡಿ ಉಪ್ಪಿನಕಾಯಿಯ ಪಕ್ಕ ಈ ಸಿರಪ್ಪೂ ನಿಂತಿರುತ್ತದೆ. ಚೀಟಿಯ ಮೇಲೆ ಶತಮಾನಗಳ ಪರಂಪರೆ ಎಂದೋ ಅಜ್ಜಿಯ ಕೈರುಚಿ ಎಂದೋ ಇರುತ್ತದೆ. ಅಜ್ಜಿಯ ಕೈರುಚಿ ಎನ್ನುವುದು ಒಪ್ಪತಕ್ಕದ್ದೇ. ಶತಮಾನಗಳು ಎಂಬಲ್ಲಿ ನನಗೆ ಸಂಶಯ. ಒಂದು ಕಿಲೋ ಸಿಪ್ಪೆಗೆ ಎರಡು ಕಿಲೋ ಸಕ್ಕರೆ ಸುರಿಯುವಷ್ಟು ಸಕ್ಕರೆ ಮಲೆನಾಡಿನ ಮನೆಯಲ್ಲಿ ಯಾವಾಗ ಇತ್ತು? ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿದ್ದೇ 1933ರಲ್ಲಿ. ಅದಕ್ಕೆ ಮೊದಲು ಸಿಹಿ ಎಂದರೆ ಬೆಲ್ಲ. ರಾಮನವಮಿಯ ಪಾನಕ ಇವತ್ತಿಗೂ ಬೆಲ್ಲದ್ದೇ. ಬೆಲ್ಲ ಹಾಕಿದರೆ ಮುರುಗಲಿನ ಕೆಂಪು ಮಂಕಾಗುತ್ತದೆ, ಬೆಲ್ಲದಲ್ಲಿ ಪಸೆಯೂ ಇರುವುದರಿಂದ ಬಹುದಿನ ಇಡುವ ಭರವಸೆಯಿಲ್ಲ. ಮಂಡ್ಯದ ಸಕ್ಕರೆ ಬಂದ ಮೇಲೂ ಅದು ಬಹಳ ವರ್ಷ ರೇಷನ್ ಕಾರ್ಡಿನ ಸಾಮಾನು. ಕಾರ್ಡಿನ ಸಕ್ಕರೆಯಲ್ಲಿ ದಿನದ ಕಾಫಿ ನಡೆಯಬೇಕು, ಹಬ್ಬ ನಡೆಯಬೇಕು, ಉಳಿದದ್ದು ಭರಣಿಗೆ. ತಿಂಗಳುಗಟ್ಟಲೆ ಕಾಫಿಗೆ ಬೆಲ್ಲ ಹಾಕಿ ಉಳಿಸಿದ ಸಕ್ಕರೆಯೇ ಮೇ ತಿಂಗಳಲ್ಲಿ ಕೆಂಪಾಗುತ್ತಿದ್ದದ್ದು. ನಮ್ಮ ಪರಂಪರೆಯ ಪಾನೀಯದ ವಯಸ್ಸು ಹೆಚ್ಚೆಂದರೆ ನಮ್ಮಜ್ಜಿಯ ವಯಸ್ಸು. ಇದನ್ನು ಹೇಳಿದರೆ ಮನೆಯಲ್ಲಿ ಯಾರಿಗೂ ಹಿಡಿಸುವುದಿಲ್ಲ.

ಆ ಸಕ್ಕರೆ ಉಳಿಸುವ ಆಸೆಯಲ್ಲೇ ಚಿಕ್ಕಮ್ಮ ಒಂದು ವರ್ಷ ಅಳತೆ ತಗ್ಗಿಸಿದರು. ಕೆಲವು ವಾರ ಎಲ್ಲವೂ ಸರಿಯಾಗಿತ್ತು. ಮಳೆ ಹಿಡಿದು ರಾತ್ರಿ ಸೂರು ಸುರಿಯುತ್ತಿದ್ದಾಗ ಅಟ್ಟದ ಮೇಲೆ ಢಬ್ ಎಂದಿತು. ಬೆಕ್ಕು ಎಂದರು. ಮತ್ತೊಂದು ಢಬ್. ಅಜ್ಜ ಕೋವಿ ಎಲ್ಲಿ ಎಂದು ಎದ್ದ. ಲಾಟೀನು ಹಿಡಿದು ಹತ್ತಿದರೆ ಗೋಡೆ, ಕಂಬಳಿ, ಅಡಿಕೆ ಮೂಟೆಯೆಲ್ಲ ಕೆಂಪು. ಸಕ್ಕರೆ ಸಾಕಷ್ಟಿದ್ದರೆ ಅದು ಹುದುಗೆಬ್ಬಿಸುವ ಸೂಕ್ಷ್ಮಜೀವಿಗಳ ಮೈನೀರನ್ನೇ ಎಳೆದು ಕೂರಿಸುತ್ತದೆ, ಕಡಿಮೆಯಾದರೆ ಅವು ಅದನ್ನೇ ತಿಂದು ಕಳ್ಳು ಮಾಡುತ್ತವೆ. ಸರ್ಕಾರದ 1955ರ ಹಣ್ಣು ಉತ್ಪನ್ನಗಳ ಆದೇಶವೂ ಸಿರಪ್ಪೆನಿಸಿಕೊಳ್ಳಲು ನೂರಕ್ಕೆ 65 ಪಾಲು ಕರಗಿದ ಸಾರ ಇರಬೇಕೆಂದಿತು. 40 ಪಾಲಿನದು ಸ್ಕ್ವಾಷ್, ಅದು ಉಳಿಯಬೇಕಾದರೆ ಸಂರಕ್ಷಕ ಬೇಕು. ಚಿಕ್ಕಮ್ಮ ಮಾಡಿದ್ದು ಸಂರಕ್ಷಕವಿಲ್ಲದ ಸ್ಕ್ವಾಷ್. ಸೀಸೆಯ ಹಳೆ ಚೀಟಿಗೆ ನ್ಯಾಯ ಸಿಕ್ಕಿತು ಎಂದು ಅಜ್ಜ ಮಾತ್ರ ಬಹಳ ದಿನ ನಗುತ್ತಿದ್ದ.

ಮುಂದೆ ಊರಿಗೆ ಹಣ್ಣು ಸಂಸ್ಕರಣೆ ಕಲಿಸಲು ಒಬ್ಬಾಕೆ ಬಂದಾಗ ಚಿಕ್ಕಮ್ಮ ಮೊದಲ ಸಾಲಿನಲ್ಲಿ ಕೂತಿದ್ದರು. ಕಿತ್ತಳೆ, ನಿಂಬೆ, ಅನಾನಸಿಗೆ ಕೆಎಂಎಸ್ ಎಂಬ ಸಂರಕ್ಷಕ ಪುಡಿ ಹಾಕಬಹುದು, ಕೆಂಪು ಹಣ್ಣಿಗೆ ಮಾತ್ರ ಬೇಡ, ಅದರ ಗಂಧಕದ ಹೊಗೆ ಬಣ್ಣ ತಿಂದುಬಿಡುತ್ತದೆ, ಸೋಡಿಯಂ ಬೆಂಜೊಯೇಟ್ ಹಾಕಿ ಎಂದರಂತೆ. ಎಲ್ಲ ಬರೆದುಕೊಂಡು ಬಂದ ಚಿಕ್ಕಮ್ಮ ಮನೆಗೆ ಬಂದು ಎರಡೂ ಹಾಕಲಿಲ್ಲ, ಸಕ್ಕರೆ ಅಳತೆ ಹಳೆಯದಕ್ಕೇ ಏರಿಸಿದರು.

ಸಕ್ಕರೆಗೆ ಮೊದಲು ಮುರುಗಲು ಇರಲಿಲ್ಲವೆಂದಲ್ಲ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಪೋರ್ಚುಗೀಸ್ ವೈದ್ಯ ಗಾರ್ಸಿಯ ದ ಒರ್ತನ ಪುಸ್ತಕದಲ್ಲೇ ಈ ರಕ್ತಗೆಂಪು ಹುಳಿ ಹಣ್ಣಿನ ಮಾತು ಬರುತ್ತದೆ. ಅವನ ಕಣ್ಣಿಗೆ ಬಿದ್ದದ್ದು ಬಟ್ಟೆಗೆ ಹಾಕುವ ಬಣ್ಣ ಮತ್ತು ವಿನಿಗರ್. ನಮ್ಮವರಿಗೆ ಅದು ಸಾರಿನ ಹುಳಿ. ಸಿಪ್ಪೆಯನ್ನು ಒಣಗಿಸಿ, ಹಣ್ಣಿನದೇ ರಸದಲ್ಲಿ ಅದ್ದಿ, ಮತ್ತೆ ಒಣಗಿಸಿ, ಕಪ್ಪಗಾಗುವವರೆಗೆ ಇದನ್ನೇ ಮಾಡಿ ಡಬ್ಬಿಗೆ ತುಂಬಿದರೆ ವರ್ಷಗಟ್ಟಲೆ ಕೆಡದು. ನಾಲ್ಕು ಸಿಪ್ಪೆ ನೆನೆಸಿ ಹಿಂಡಿ ಉಪ್ಪು ಜೀರಿಗೆ ಹಾಕಿದರೆ ಅದೂ ಬಾಯಾರಿಕೆಗೆ ಆಗುತ್ತದೆ, ಅತಿಥಿಗೆ ಕೊಡುವಷ್ಟು ಚೆಂದ ಇರುವುದಿಲ್ಲ ಅಷ್ಟೆ. ಬೀಜವೂ ದಂಡವಲ್ಲ. ಕುಟ್ಟಿ ನೀರಲ್ಲಿ ಕುದಿಸಿದರೆ ಮೇಲೆ ತೇಲುವ ಜಿಡ್ಡು ತಣಿದು ಬಿಳಿ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಗದ್ದೆ ಕೆಸರಿಗೆ ಒಡೆದ ಹಿಮ್ಮಡಿಗೆ ಅದೇ ಮುಲಾಮು. ಮೈಶಾಖಕ್ಕಿಂತ ತುಸುವೇ ಹೆಚ್ಚಿಗೆ ಕರಗುವ ಆ ತುಪ್ಪವನ್ನು ಈಗ ಪರದೇಶದ ಸೌಂದರ್ಯ ಸಾಮಗ್ರಿಯವರು ಕೊಳ್ಳುತ್ತಾರೆ.

ಮುರುಗಲಿಗೊಬ್ಬ ದಾಯಾದಿ ಇದ್ದಾನೆ, ಉಪ್ಪಾಗೆ. ಒಂದೇ ಕುಲ, ಆದರೆ ಇವನು ಹಣ್ಣಾಗುವುದು ಮಳೆಗಾಲದಲ್ಲಿ. ಬಿಸಿಲಿಲ್ಲ, ಆದ್ದರಿಂದ ಒಲೆಯ ಮೇಲಿನ ಅಟ್ಟ, ಹೊಗೆ, ರಾಶಿ ಸೌದೆ. ನಮ್ಮ ತಾಲ್ಲೂಕಿನಲ್ಲಿ ಕೇರಳದಿಂದ ಬಂದು ರಬ್ಬರ್ ಹಾಕಿ ನೆಲೆಸಿದವರು ಬಹಳ. ಅವರ ಮೀನು ಸಾರಿಗೆ ಹೊಗೆಯಲ್ಲಿ ಕಪ್ಪಾದ ಈ ಹುಳಿ ಇಲ್ಲದಿದ್ದರೆ ಆಗುವುದೇ ಇಲ್ಲ. ನಮ್ಮ ಬೇಲಿಯಾಚೆಯ ಚೇಟತ್ತಿಗೂ ಅಜ್ಜಿಗೂ ವರ್ಷಕ್ಕೊಮ್ಮೆ ವಿನಿಮಯವಿತ್ತು, ಮೇ ತಿಂಗಳಲ್ಲಿ ಕೆಂಪು ಸೀಸೆ ಆಚೆ ಹೋಗುವುದು, ಆಗಸ್ಟಿನಲ್ಲಿ ಕರಿ ಹುಳಿಯ ಪೊಟ್ಟಣ ಈಚೆ ಬರುವುದು. ಮೀನು ಮುಟ್ಟದ ಅಜ್ಜಿ ಅದನ್ನು ಗೊಜ್ಜಿಗೆ ಹಾಕುತ್ತಿದ್ದಳು. 1990ರ ದಶಕದಲ್ಲಿ ಉಪ್ಪಾಗೆಯ ಆಮ್ಲ ತೂಕ ಇಳಿಸುತ್ತದೆಂದು ಪಶ್ಚಿಮದ ದೇಶಗಳಲ್ಲಿ ಮಾತ್ರೆಗಳು ಮೆರೆದವು, ನಮ್ಮ ಕಾಡಿನ ಮರಗಳ ಕೊಂಬೆಗೆ ಕತ್ತಿ ಬಿತ್ತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಪ್ರಕಟಿಸಿದ ಪರೀಕ್ಷೆಯಲ್ಲಿ ಬರೀ ಹಿಟ್ಟಿನ ಮಾತ್ರೆ ನುಂಗಿದವರಿಗಿಂತ ಇದನ್ನು ನುಂಗಿದವರ ತೂಕ ಹೆಚ್ಚೇನೂ ಇಳಿಯಲಿಲ್ಲ ಎಂದಾಯಿತು. ಚೇಟತ್ತಿಯನ್ನು ಒಮ್ಮೆ ನೋಡಿದ್ದರೆ ಆ ಪರೀಕ್ಷೆಯ ಖರ್ಚು ಉಳಿಯುತ್ತಿತ್ತು.

ಈಗ ನಮ್ಮನೆಯಲ್ಲಿ ಸಿರಪ್ಪಿಗೆ ಬಂದ ಕಷ್ಟ ಮಳೆಯದಲ್ಲ, ಶುಗರಿನದು. ಅಪ್ಪನಿಗೆ ಶುಗರ್, ಚಿಕ್ಕಪ್ಪನಿಗೆ ಶುಗರ್, ಬರುವ ನೆಂಟರಲ್ಲಿ ಅರ್ಧ ಜನ ಲೋಟ ನೋಡಿ ಕೈ ಅಡ್ಡ ಹಿಡಿಯುತ್ತಾರೆ. ರಾಗಿಯನ್ನೂ ತೂಗಿ ತಿನ್ನುವವರಿಗೆ ಮೂರರಲ್ಲಿ ಎರಡು ಪಾಲು ಸಕ್ಕರೆಯ ಭರಣಿ ತೋರಿಸುವುದೂ ತಪ್ಪೇ. ಹಾಗಾಗಿ ಚಿಕ್ಕಮ್ಮ ಎರಡು ವರ್ಷದಿಂದ ಹಣ್ಣನ್ನು ಪಾಲು ಮಾಡುತ್ತಾರೆ: ಸ್ವಲ್ಪ ಭರಣಿಗೆ, ಹೆಚ್ಚಿನದು ಚಾಪೆ ಮೇಲೆ ಒಣಗಲಿಕ್ಕೆ. ಒಣಸಿಪ್ಪೆ ನೆನೆಸಿದ ನೀರು, ಕಲ್ಲುಪ್ಪು, ಜೀರಿಗೆ, ಬೇಕಿದ್ದರೆ ಹಸಿಮೆಣಸು. ಸಕ್ಕರೆಗೆ ಮೊದಲಿನ ಮುರುಗಲು ಡಾಕ್ಟರ ಚೀಟಿ ಹಿಡಿದುಕೊಂಡು ಮನೆಗೆ ವಾಪಸ್ಸು ಬಂದಿದೆ. ಬೆಂಗಳೂರಿನಲ್ಲಿರುವ ಚಿಕ್ಕಮ್ಮನ ಮಗನಿಗೆ ಮಾತ್ರ ಇದು ಅನ್ಯಾಯ ಎನಿಸಿದೆ. ಮೊನ್ನೆ ಫೋನು ಮಾಡಿ, "ಅಮ್ಮಾ, ಈ ಸಲ ಎಷ್ಟು ಸೀಸೆ?" ಎಂದ.

"ನಿಂಗೆ ಎರಡು. ಶುಗರ್ ಟೆಸ್ಟ್ ಮಾಡ್ಸಿ ರಿಪೋರ್ಟ್ ಕಳ್ಸು, ಆಮೇಲೆ ಕಳಿಸ್ತೀನಿ" ಎಂದರು ಚಿಕ್ಕಮ್ಮ. ಅವನು ಇನ್ನೂ ಮಾಡಿಸಿಲ್ಲ. ಹೆಂಡತಿಯ ಕೈಲಿ ಬೇರೆ ಫೋನು ಮಾಡಿಸಿದ್ದಾನಂತೆ.