ಗುಮ್ಮಟದಾಚೆಯ ತೋಟಗಳು

ಶರದೃತುವಿನಲ್ಲಿ ರೈಲಿನಿಂದ ವಿಜಯಪುರಕ್ಕೆ ಬಂದಿಳಿಯುವ ಯಾತ್ರಿಕನನ್ನು ಮೊದಲು ಎದುರುಗೊಳ್ಳುವುದು ನಿಲ್ದಾಣಕ್ಕೆ ಸಮೀಪವಿರುವ ಗೋಳಗುಮ್ಮಟ. ಅದರ ಪ್ರತಿಧ್ವನಿಯನ್ನಾಲಿಸಿ ಮರಳುವವರೇ ಹೆಚ್ಚು. ಆದರೆ ಈ ನಗರದ ಕಲಾಸೂಕ್ಷ್ಮತೆಯನ್ನು ಕಾಣಬೇಕಾದುದು ಇಬ್ರಾಹಿಂ ರೋಜಾದ ಅಕ್ಷರಕೆತ್ತನೆಯಲ್ಲಿ. ಅಲ್ಲಿ ಚಿರನಿದ್ರೆಯಲ್ಲಿರುವ ಎರಡನೆಯ ಇಬ್ರಾಹಿಂ ಆದಿಲಶಾಹ (ಆಳ್ವಿಕೆ 1580–1627) 'ಕಿತಾಬ್-ಎ-ನವರಸ್' ರಚಿಸಿದ ಸಂಗೀತಜ್ಞ. ಸರಸ್ವತಿ, ಗಣಪತಿಯರನ್ನು ಸ್ತುತಿಸಿದ ದೊರೆ. ಇದೇ ಊರಿನಲ್ಲಿ ಸಹಸ್ರಫಣಿ ಪಾರ್ಶ್ವನಾಥನ ಕೃಷ್ಣಶಿಲಾಮೂರ್ತಿಯೂ ಪೂಜೆಗೊಳ್ಳುತ್ತಿದೆ. ಅನೇಕಾಂತವನ್ನು ಗ್ರಂಥದಲ್ಲಿ ಓದಿದವನು ಇಲ್ಲಿ ಅದನ್ನು ಬೀದಿಯಲ್ಲಿಯೇ ಕಾಣಬಹುದು.

ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಕೆನೆಮೊಸರು: ಬರದ ನೆಲವು ಕಲಿಸಿದ ಊಟವಿದು. ಶ್ರಾವಕನಾದರೆ ಸೂರ್ಯಾಸ್ತಕ್ಕೆ ಮುನ್ನವೇ ಉಣ್ಣುತ್ತಾನೆ.

ಅಥಣಿಯ ದಾರಿ ಹಿಡಿದರೆ ತೊರವೆ, ಅದರಾಚೆ ತಿಕೋಟಾ. ಇನ್ನೊಂದು ದಿಕ್ಕಿಗೆ ಬಬಲೇಶ್ವರ. ಎಲ್ಲೆಡೆ ದ್ರಾಕ್ಷಿತೋಟಗಳು. ಅಕ್ಟೋಬರದ ಚಾಟನಿ ಮುಗಿದು ಚಿಗುರೊಡೆದ ಬಳ್ಳಿಗೆ ಅಕಾಲದ ಮಳೆ ಬಿದ್ದರೆ ರೋಗ. ನೀರು ತಪ್ಪಿದರೆ ಬಳ್ಳಿಯೇ ಒಣಗುತ್ತದೆ. ಆದಿಲಶಾಹಿಗಳು ತೊರವೆಯಿಂದ ನೆಲದೊಳಗಿನ ಕಾಲುವೆಯಲ್ಲಿ ನೀರು ತಂದು ನಗರವನ್ನು ಸಲಹಿದರು. ಗುಮ್ಮಟವನ್ನು ರಕ್ಷಿಸುವ ನಾವು ಆ ಜಲಮಾರ್ಗವನ್ನೂ ಸ್ಮಾರಕವೆಂದೇ ಎಣಿಸಬೇಕು. ಕಲೆ, ಅನ್ನ, ತೋಟ ಮೂರಕ್ಕೂ ಮೂಲ ಅದೊಂದೇ.