ದೋರಸಮುದ್ರದಿಂದ ಸಮುದ್ರಕ್ಕೆ

ನಮ್ಮೂರು ಹಳೇಬೀಡು. ಹೊಯ್ಸಳರ ರಾಜಧಾನಿಯಾಗಿದ್ದಾಗ ಇದಕ್ಕೆ ದೋರಸಮುದ್ರವೆಂದು ಹೆಸರು. ಹೆಸರಿನಲ್ಲಿ ಸಮುದ್ರವಿದ್ದರೂ ಊರಿನಲ್ಲಿರುವುದು ಕೆರೆ. ಮೂವತ್ತೈದು ವರ್ಷ ನಾನು ಮಕ್ಕಳಿಗೆ ಸಂಸ್ಕೃತವನ್ನು ಕಲಿಸಿದೆನು. ಅಮರಕೋಶದ ವಾರಿವರ್ಗವನ್ನು ಬಾಯಿಪಾಠ ಮಾಡಿಸಿದೆನು. ಹಾಯಿಕಂಬಕ್ಕೆ ಗುಣವೃಕ್ಷಕ, ಹುಟ್ಟಿಗೆ ಕ್ಷೇಪಣೀ, ಚುಕ್ಕಾಣಿಗೆ ಅರಿತ್ರ, ಕಡಲ ವ್ಯಾಪಾರಿಗೆ ಸಾಂಯಾತ್ರಿಕ. ಶಬ್ದಗಳೆಲ್ಲವೂ ನಾಲಗೆಯ ಮೇಲಿದ್ದುವು. ಆದರೆ ಆ ವಸ್ತುಗಳಲ್ಲಿ ಒಂದನ್ನಾದರೂ ಕೈಯಿಂದ ಮುಟ್ಟಿದವನು ನಾನಲ್ಲ.

ಕಳೆದ ಪುಷ್ಯಮಾಸದಲ್ಲಿ ಈ ಕೊರತೆ ನೀಗಿತು. ನನ್ನ ಕಿರಿಯ ಮಗಳು ಬಿ.ಎಸ್‌ಸಿ. ತರಗತಿಯನ್ನು ಮುಗಿಸುವುದರಲ್ಲಿದ್ದಳು, ಮುಂದೆ ಮಂಗಳೂರಿಗೆ ಹೋಗಿ ಭೂವಿಜ್ಞಾನವನ್ನು ಓದಬೇಕೆಂಬುದು ಅವಳ ಹಟ. ಅವಳ ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರೇ. ಆದುದರಿಂದ ಹೋಗಿ ಬಾ ಎನ್ನಲು ನನಗೆ ಬಾಯಿ ಬರಲಿಲ್ಲ. “ಅಪ್ಪಾ, ಬೇಡವೆನ್ನುವುದಕ್ಕೆ ಮೊದಲು ಮಲ್ಪೆಯ ದ್ವೀಪದ ಕಲ್ಲುಗಳನ್ನು ಒಂದು ಸಲ ನೋಡಿ” ಎಂದಳು. ಅಷ್ಟಕ್ಕೆ ಒಪ್ಪಿದೆನು.

ಸಕಲೇಶಪುರವನ್ನು ದಾಟಿ, ಶಿರಾಡಿಯ ಘಟ್ಟವನ್ನಿಳಿದು, ಉಡುಪಿಯನ್ನು ಸೇರಿ ಕೃಷ್ಣದರ್ಶನವನ್ನು ಮಾಡಿದೆವು. ಮಲ್ಪೆಯ ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕಿದ ಹಡಗೊಂದನ್ನು ಮಧ್ವಾಚಾರ್ಯರು ತೀರದಲ್ಲಿ ನಿಂತು ತಮ್ಮ ವಸ್ತ್ರವನ್ನು ಬೀಸಿ ಕಾಪಾಡಿದರೆಂದೂ, ಹಡಗಿನವರು ಕೊಟ್ಟ ಗೋಪೀಚಂದನದ ಗಡ್ಡೆಯಲ್ಲಿಯೇ ಈ ಮೂರ್ತಿ ದೊರೆಯಿತೆಂದೂ ಐತಿಹ್ಯವುಂಟು.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಸುಮಾರು 6 ಕಿಲೋಮೀಟರ್. ಪ್ರವಾಸಿಗಳನ್ನು ಯಂತ್ರದ ದೋಣಿಗಳು ಕರೆದೊಯ್ಯುತ್ತವೆ. ನಮಗೆ ಮಾತ್ರ ಉಡುಪಿಯ ಮಿತ್ರರೊಬ್ಬರ ಮೂಲಕ ಮೊಗವೀರರ ವೃದ್ಧ ತಾಂಡೇಲರೊಬ್ಬರ ಪರಿಚಯವಾಯಿತು. ಅವರ ದೋಣಿಗೂ ಯಂತ್ರವಿದ್ದಿತು. ಆದರೆ ಹಾಯಿಯನ್ನು ಅವರು ಬಿಟ್ಟಿರಲಿಲ್ಲ. ಚಳಿಗಾಲದ ಬೆಳಗಿನಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುವುದು. ಮಧ್ಯಾಹ್ನಾನಂತರ ವಾಯವ್ಯದಿಂದ ನೆಲದ ಕಡೆಗೆ ತಿರುಗುವುದು. ರಾತ್ರಿ ನೆಲವು ಬೇಗ ತಣಿಯುವುದೂ ಹಗಲು ಬೇಗ ಕಾಯುವುದೂ ಇದಕ್ಕೆ ಕಾರಣ. ಯಂತ್ರವಿಲ್ಲದ ಕಾಲದಲ್ಲಿ ಬೆಸ್ತರು ಮುಂಜಾವಿನ ಗಾಳಿಯಲ್ಲಿ ಹೋಗಿ ಸಂಜೆಯ ಗಾಳಿಯಲ್ಲಿ ಮನೆಗೆ ಬರುತ್ತಿದ್ದರು. ನಾವೂ ಹಾಗೆಯೇ ಹೊರಟೆವು.

ಬಿಸಿಲೇರುವ ಹೊತ್ತಿಗೆ ದ್ವೀಪದ ಮೂಡಣ ಮಗ್ಗುಲನ್ನು ಸಮೀಪಿಸಿದೆವು. ಬಂಡೆಗಳಿಂದ ಬಹುದೂರದಲ್ಲಿಯೇ ತಾಂಡೇಲರು ಹಾಯಿಯನ್ನಿಳಿಸಿ ಲಂಗರನ್ನು ಬಿಟ್ಟರು. ಹಗ್ಗದ ಮೇಲೆ ಅಂಗೈಯಿಟ್ಟು, ಕಣ್ಣನ್ನು ಹಿಂದಿನ ತೀರದ ಮೇಲೆ ನೆಟ್ಟರು. ಅಲ್ಲಿಯ ಒಂದು ತೆಂಗಿನ ಮರವೂ ಅದರ ಹಿಂದಣ ಗುಡ್ಡದ ಏಣೂ ಮೊದಲು ಒಂದೇ ಸಾಲಿನಲ್ಲಿದ್ದುವು, ನೋಡುತ್ತಿದ್ದಂತೆ ಬೇರೆಯಾದುವು. “ಕಚ್ಚಲಿಲ್ಲ, ಕೆಳಗೆ ಬಂಡೆ, ಜಾರುತ್ತಿದೆ” ಎಂದರು. ಗಾಳಿ ನಮ್ಮನ್ನು ಆ ಕಪ್ಪು ಕಲ್ಲುಗಳ ಮೇಲಕ್ಕೇ ತಳ್ಳುತ್ತಿತ್ತು. ಮಗಳು ನನ್ನ ಕೈಯನ್ನು ಹಿಡಿದಳೋ, ನಾನೇ ಅವಳ ಕೈಯನ್ನು ಹಿಡಿದೆನೋ ನೆನಪಿಲ್ಲ. ತಾಂಡೇಲರ ಮೊಮ್ಮಗನು ಯಂತ್ರವನ್ನು ಹೂಡಿ ದೋಣಿಯನ್ನು ಹಿಂದಕ್ಕೆ ತಂದನು. ಮರಳಿನ ನೆಲವನ್ನರಸಿ ಎರಡನೆಯ ಸಲ ಲಂಗರನ್ನು ಬಿಟ್ಟರು.

ಅಲ್ಲಿ ಮೂರು ಮಾರು ನೀರು. ಅವರು ಬಿಟ್ಟ ಹಗ್ಗವೋ ಹದಿನೈದು ಮಾರು. “ಇಷ್ಟೇಕೆ, ಯಜಮಾನರೇ? ಗಿಡ್ಡವಾಗಿ ಬಿಗಿದರೆ ಇನ್ನೂ ಭದ್ರವಲ್ಲವೆ?” ಎಂದು ಕೇಳಿದೆನು.

ಮುದುಕರು ನಕ್ಕರು. “ಇಲ್ಲ ಮಾಷ್ಟ್ರೇ. ಗಿಡ್ಡ ಹಗ್ಗ ಲಂಗರನ್ನು ಮೇಲಕ್ಕೆತ್ತಿ ಕಿತ್ತುಬಿಡುತ್ತದೆ. ಉದ್ದ ಬಿಟ್ಟರೆ ಮರಳಿನಲ್ಲಿ ಅಡ್ಡವಾಗಿ ಎಳೆಯುತ್ತದೆ; ಎಳೆದಷ್ಟೂ ಅದು ಹೂತುಕೊಳ್ಳುತ್ತದೆ. ಗಾಳಿ ತಿರುಗಿದಾಗ ದೋಣಿಯೂ ತಿರುಗಬೇಕಲ್ಲ, ಅದಕ್ಕೂ ಜಾಗ ಬೇಕು.”

ಹಿಂದೆ ಕಟ್ಟಿಕೊಂಡು ಬಂದಿದ್ದ ಪಾತಿದೋಣಿಯಲ್ಲಿ ದಡವನ್ನು ಸೇರಿದೆವು. ಜನವಸತಿಯಿಲ್ಲದ ಸ್ಥಳ; ತೆಂಗಿನ ಮರಗಳು, ಚಿಪ್ಪು ತುಂಬಿದ ದಂಡೆ. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿ ಇಳಿದು ಮೇರಿಮಾತೆಯ ಹೆಸರನ್ನಿಟ್ಟನೆಂದು ಹೇಳುವರು. ಆದರೆ ಕಲ್ಲುಗಳ ಮುಂದೆ ಅದು ನಿನ್ನೆಯ ಸಂಗತಿ. ಐದು, ಆರು, ಏಳು ಮುಖಗಳ ಕಂಬಗಳು ಒತ್ತೊತ್ತಾಗಿ ನಿಂತಿವೆ. ನಮ್ಮ ಹೊಯ್ಸಳೇಶ್ವರ ದೇವಾಲಯದ ಕಂಬಗಳನ್ನು ಶಿಲ್ಪಿಗಳು ಬಳಪದ ಕಲ್ಲನ್ನು ಚರಕಿಗೆ ಹಿಡಿದು ಕಡೆದರು, ಇವನ್ನು ಕಡೆದವರಾರು?

“ಯಾರೂ ಅಲ್ಲ, ಅಪ್ಪಾ. ಬೇಸಿಗೆಯಲ್ಲಿ ನಮ್ಮ ಕೆರೆಯ ಕೆಸರು ಒಣಗಿ ಬಿರಿಯುವುದಿಲ್ಲವೆ, ಅದರಂತೆಯೇ. ಲಾವಾರಸವು ತಣಿಯುತ್ತ ಕುಗ್ಗಿತು, ಕುಗ್ಗಿದಾಗ ಬಿರಿಯಿತು, ಬಿರುಕು ಕೆಳಗಿಳಿದಂತೆ ಕಂಬವಾಯಿತು” ಎಂದಳು. ಇವುಗಳ ವಯಸ್ಸು ಸುಮಾರು 8 ಕೋಟಿ 80 ಲಕ್ಷ ವರ್ಷವಂತೆ. ಒಂದಾಗಿದ್ದ ಮಡಗಾಸ್ಕರವೂ ನಮ್ಮ ದೇಶವೂ ಅಗಲಿದ ಕಾಲದ ಕಲ್ಲಿವು. ಅವಳು ಕಂಬದಿಂದ ಕಂಬಕ್ಕೆ ಹೋಗುತ್ತ, ಮುಖಗಳನ್ನು ಎಣಿಸುತ್ತ, ಬರೆದುಕೊಳ್ಳುತ್ತ ನನ್ನನ್ನು ಮರೆತೇಬಿಟ್ಟಳು. ತಾಯಿ ಹೋದ ಮೇಲೆ ಆ ಮುಖದಲ್ಲಿ ಅಂತಹ ಗೆಲವನ್ನು ನಾನು ಕಂಡಿರಲಿಲ್ಲ.

ನಾನು ನೆರಳಿನಲ್ಲಿ ಕುಳಿತು ದೋಣಿಯನ್ನು ನೋಡುತ್ತಿದ್ದೆನು. ಬೆಳಿಗ್ಗೆ ಅದು ದ್ವೀಪಕ್ಕೆ ಬೆನ್ನು ಮಾಡಿ, ಮೂಡಲಿಗೆ ಮೂತಿಯಿಟ್ಟು ನಿಂತಿತ್ತು. ಮಧ್ಯಾಹ್ನ ಗಾಳಿ ಒಂದು ಗಳಿಗೆ ಬಿದ್ದುಹೋಯಿತು. ಬಳಿಕ ವಾಯವ್ಯದಿಂದ ಎದ್ದಿತು. ದೋಣಿ ಮೆಲ್ಲಗೆ, ತನ್ನ ಹಗ್ಗದ ಉದ್ದಕ್ಕೆ ಅರ್ಧ ಸುತ್ತು ಬಂದು, ನಮ್ಮ ಕಡೆಗೆ ಮುಖಮಾಡಿ ನಿಂತಿತು. ಲಂಗರು ಮಾತ್ರ ಬಿಟ್ಟಲ್ಲಿಯೇ ಇದ್ದಿತು.

ಮರಳುವಾಗ ಹಾಯಿ ತುಂಬಿತ್ತು. “ಅರ್ಜಿಯನ್ನು ಯಾವಾಗ ಕಳುಹಿಸಬೇಕು?” ಎಂದು ನಾನೇ ಕೇಳಿದೆನು. ಅವಳು ಉತ್ತರ ಕೊಡದೆ ಬಹಳ ಹೊತ್ತು ನೀರನ್ನು ನೋಡುತ್ತಿದ್ದು, “ಹಬ್ಬಹಬ್ಬಕ್ಕೂ ಬರುತ್ತೇನೆ, ಅಪ್ಪಾ” ಎಂದಳು.

ಹೋಗಬಯಸುವ ಗೃಹಸ್ಥರು ಮಳೆಗಾಲವನ್ನು ಬಿಡಬೇಕು. ಆಗ ಕಡಲು ಒರಟಾಗಿರುವುದರಿಂದ ದೋಣಿಗಳು ಹೋಗುವುದಿಲ್ಲ. ಕುಡಿಯುವ ನೀರನ್ನು ಜೊತೆಗೆ ಒಯ್ಯುವುದೊಳ್ಳೆಯದು.

ಲಂಗರು ಪಾರಸಿಯಿಂದ ಬಂದ ಶಬ್ದ. ನಾನು ಕಲಿಸಿದ ವಾರಿವರ್ಗದ ಪಾಠದಲ್ಲಿ ಅದಿರಲಿಲ್ಲ. ಊರಿಗೆ ಬಂದ ಮೇಲೆ ನನ್ನ ಹಳೆಯ ಪುಸ್ತಕದ ಅಂಚಿನಲ್ಲಿ ಅದನ್ನು ಬರೆದುಕೊಂಡೆನು. ಪಕ್ಕದಲ್ಲಿ, ಮರೆಯದಿರಲೆಂದು, ಮೂರು ಮಾರು ನೀರಿಗೆ ಹದಿನೈದು ಮಾರು ಹಗ್ಗವೆಂಬ ಲೆಕ್ಕವನ್ನೂ.